ವರ್ಷಗಟ್ಟಲೆ ನಿಂತ ಸ್ಪೋರ್ಟ್ಸ್ ಕಾರಿನ ಕ್ಲಚ್: ಗೇರ್ ಬಾಕ್ಸ್ ಇಳಿಸುವ ಮೊದಲು ಏನೇನು ನೋಡಬೇಕು

ಖಂಡೆ ಪೂಜೆ (ಆಯುಧ ಪೂಜೆ) ಹತ್ತಿರ ಬಂತೆಂದರೆ ನನ್ನ ಫೋನು ಶುರುವಾಗುತ್ತದೆ. ಎರಡು-ಮೂರು ವರ್ಷ ಶೆಡ್ಡಿನಲ್ಲಿ ಹೊದ್ದು ಮಲಗಿದ್ದ ಕಾರನ್ನು ಪೂಜೆಗೆಂದು ಹೊರಗೆ ತೆಗೆಯಲು ಹೋಗಿರುತ್ತಾರೆ. ಹೊಸ ಬ್ಯಾಟರಿ ಹಾಕಿದ್ದಾರೆ, ಎಂಜಿನ್ ಶುರುವಾಗಿದೆ, ಮನೆಮಂದಿಗೆಲ್ಲ ಖುಷಿ. ಕ್ಲಚ್ ಒತ್ತಿ ಗೇರ್ ಹಾಕಿದರೆ ಕರ್ರ್ ಅಂತ ಸದ್ದು. ಇಲ್ಲವೇ ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಕೂತುಬಿಟ್ಟಿದೆ. ಚಕ್ರದ ಕೆಳಗಿನ ನಿಂಬೆಹಣ್ಣು ಹಾಗೇ ಉಳಿದಿದೆ.

ಆಮೇಲೆ ನಡೆಯುವುದೂ ಒಂದೇ ಥರ. ಒಬ್ಬರು ಸಂದಿಯಲ್ಲಿ ಎಣ್ಣೆ ಹೊಡೆಯುತ್ತಾರೆ. ಇನ್ನೊಬ್ಬರು ಟ್ರ್ಯಾಕ್ಟರ್ ಕಟ್ಟಿ ಎಳೆಯುತ್ತಾರೆ. ಮತ್ತೊಬ್ಬರು ನೇರವಾಗಿ ಗೇರ್ ಬಾಕ್ಸ್ ಇಳಿಸಲು ಹೇಳಿಬಿಡುತ್ತಾರೆ. ಮೂರನೆಯದನ್ನು ನಾನೇ ಮಾಡಿದ್ದೇನೆ. ನನ್ನ ಎರಡು ಸೀಟಿನ ಹಳೆ ಕಾರು ಧಾರವಾಡದ ಶೆಡ್ಡಿನಲ್ಲಿ ಮೂರು ಮಳೆಗಾಲ ನಿಂತಿತ್ತು. ಗ್ಯಾರೇಜಿನವರು ಪೆಡಲ್ ಒಮ್ಮೆ ಒತ್ತಿ ನೋಡಿ, "ಪ್ಲೇಟ್ ಹಿಡದೈತ್ರೀ, ಇಳಸೂಣು" ಅಂದರು. ಇಳಿಸಿದರು. ಪ್ಲೇಟ್ ಚೆನ್ನಾಗಿಯೇ ಇತ್ತು. ಹಾಳಾಗಿದ್ದದ್ದು ಹೊರಗೇ ಇದ್ದ, ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನ ಒಂದು ರಬ್ಬರ್ ಕಪ್. ಎರಡು ದಿನದ ಕೂಲಿ ಕೊಟ್ಟು ಕಲಿತ ಪಾಠ ಇದು: ಮೊದಲು ಆಯಿಲ್, ಆಮೇಲೆ ಪ್ಲೇಟ್, ಕೊನೆಗೆ ಗೇರ್ ಬಾಕ್ಸ್. ಈ ಸರದಿ ತಪ್ಪಿದರೆ ದುಡ್ಡೂ ಹೋಗುತ್ತದೆ, ದಿನವೂ ಹೋಗುತ್ತದೆ.

ಇಲ್ಲಿ ಹೇಳುವುದೆಲ್ಲ ಕಾಲಲ್ಲಿ ಒತ್ತುವ ಕ್ಲಚ್ ಪೆಡಲ್ ಇರುವ ಕಾರುಗಳಿಗೆ. ಆಟೊಮ್ಯಾಟಿಕ್ ಮತ್ತು ಡಬಲ್ ಕ್ಲಚ್ ಗಾಡಿಗಳಿಗೆ ಇದು ಹೊಂದುವುದಿಲ್ಲ.

ನಿಂತಲ್ಲೇ ಕ್ಲಚ್ ಕೆಡುವುದು ಹೇಗೆ

ಎಂಜಿನ್ನಿನ ಹಿಂದೆ ಫ್ಲೈವೀಲ್ ಎಂಬ ಭಾರದ ಕಬ್ಬಿಣದ ಗಾಲಿ ಇದೆ. ಅದಕ್ಕೆ ಒತ್ತಿಕೊಂಡು ಕ್ಲಚ್ ಪ್ಲೇಟ್, ಅದರ ಮೇಲೆ ಸ್ಪ್ರಿಂಗ್ ಬಲದ ಪ್ರೆಷರ್ ಪ್ಲೇಟ್. ಕಾರು ನಿಂತಿರುವಷ್ಟು ಕಾಲವೂ ಈ ಮೂರೂ ಬಿಗಿಯಾಗಿ ಅಪ್ಪಿಕೊಂಡೇ ಇರುತ್ತವೆ. ಧಾರವಾಡದ ಮಳೆಗಾಲ ಗೊತ್ತಲ್ವಾ, ಜೂನ್‌ನಲ್ಲಿ ಹಿಡಿದ ಜಿಟಿಜಿಟಿ ಬಿಡುವುದೇ ಇಲ್ಲ. ಮಣ್ಣು ನೆಲದ ಶೆಡ್ಡಾದರೆ ಕೆಳಗಿನಿಂದಲೂ ತೇವ ಏಳುತ್ತದೆ. ಆ ತೇವಕ್ಕೆ ಕಬ್ಬಿಣದ ಮುಖ ತುಕ್ಕು ಹಿಡಿದು, ಪ್ಲೇಟಿನ ಲೈನಿಂಗ್ ಅದಕ್ಕೆ ಅಂಟಿಕೊಳ್ಳುತ್ತದೆ. ಇದನ್ನೇ ಮೆಕ್ಯಾನಿಕ್‌ಗಳು "ಪ್ಲೇಟ್ ಹಿಡಿದಿದೆ" ಅನ್ನುವುದು.

ಇನ್ನೊಂದು ದಾರಿ ಆಯಿಲ್‌ನದು. ಕ್ಲಚ್‌ಗೆ ಹಾಕುವುದು ಹೆಚ್ಚಾಗಿ ಬ್ರೇಕ್ ಆಯಿಲನ್ನೇ. ಪೆಡಲ್ ಒತ್ತಿದಾಗ ಅದರ ಬಳಿಯ ಮಾಸ್ಟರ್ ಸಿಲಿಂಡರ್ ಆಯಿಲನ್ನು ತಳ್ಳುತ್ತದೆ, ಆ ಒತ್ತಡಕ್ಕೆ ಗೇರ್ ಬಾಕ್ಸ್ ಬಳಿಯ ಸ್ಲೇವ್ ಸಿಲಿಂಡರ್ ಫೋರ್ಕ್ ಎಂಬ ಸನ್ನೆಯನ್ನು ತಳ್ಳಿ ಪ್ಲೇಟ್ ಬಿಡಿಸುತ್ತದೆ. (ಕೆಲವು ಕಾರುಗಳಲ್ಲಿ ಆಯಿಲ್ ಬದಲು ಕೇಬಲ್ ಇರುತ್ತದೆ.) ಈ ಆಯಿಲ್ ಗಾಳಿಯಲ್ಲಿನ ನೀರಿನಂಶವನ್ನು ತಾನೇ ಎಳೆದುಕೊಳ್ಳುತ್ತದೆ. ಆ ನೀರು ಸಿಲಿಂಡರಿನ ಒಳಗೋಡೆಗೆ ತುಕ್ಕು ಹಚ್ಚುತ್ತದೆ. ಅಲುಗಾಡದೆ ಕೂತ ರಬ್ಬರ್ ಕಪ್ ಬಿರುಸಾಗುತ್ತದೆ. ಮೊದಲ ಸಲ ಪೆಡಲ್ ಒತ್ತಿದ ಕೂಡಲೇ ಆ ಬಿರುಸು ರಬ್ಬರ್ ತುಕ್ಕಿನ ಮೇಲೆ ಉಜ್ಜಿ ಸೋರಲು ಶುರು.

ಎರಡರ ಲಕ್ಷಣವೂ ಒಂದೇ, ಗೇರ್ ಬೀಳುವುದಿಲ್ಲ. ಎಲ್ಲರೂ ಎಡವುವುದು ಇಲ್ಲೇ.

ಹಂತ 1: ಸಾಮಾನು ಜೋಡಿಸಿಕೊಳ್ಳಿ

ರಿಂಗ್ ಪಾನಾ (ಸ್ಪ್ಯಾನರ್) ಸೆಟ್ (ಸ್ಲೇವ್ ಸಿಲಿಂಡರಿನ ಗಾಳಿ ಬಿಡುವ ತಿರುಪಾದ ಏರ್ ನಿಪ್ಪಲ್‌ಗೆ ಹೆಚ್ಚಾಗಿ 8 ಅಥವಾ 10 ಮಿ.ಮೀ. ಬೇಕಾಗುತ್ತದೆ), ಒಳಗಿನದು ಕಾಣುವ ಒಂದು ಅಡಿ ಪ್ಲಾಸ್ಟಿಕ್ ನಳಿಕೆ, ಖಾಲಿ ನೀರಿನ ಬಾಟಲಿ, ಸೀಲ್ ಒಡೆಯದ ಹೊಸ ಬ್ರೇಕ್ ಆಯಿಲ್, ಟಾರ್ಚ್, ಸ್ಟೀಲ್ ಸ್ಕೇಲ್, ಹಳೆ ಬನಿಯನ್ ಬಟ್ಟೆ, ಒಂದು ಬಕೆಟ್ ನೀರು. ಜಾಕ್ ಜೊತೆಗೆ ಎರಡು ಗಟ್ಟಿ ಸ್ಟ್ಯಾಂಡ್, ಚಕ್ರಕ್ಕೆ ಒತ್ತು ಕೊಡಲು ನಾಲ್ಕು ಮರದ ತುಂಡು. ಹೇಳಿದಷ್ಟೇ ಮಾಡುವ ಒಬ್ಬ ಸಹಾಯಕ ಕೂಡ ಬೇಕು. ತನ್ನದೇ ತಲೆ ಓಡಿಸುವವನು ಬೇಡ.

ಸ್ಪೋರ್ಟ್ಸ್ ಕಾರಿನ ಹೊಟ್ಟೆ ನೆಲಕ್ಕೆ ತಾಗುವಂತಿರುತ್ತದೆ, ಸಾಮಾನ್ಯ ಜಾಕ್ ಕೆಳಗೆ ತೂರುವುದೇ ಇಲ್ಲ. ಮೊದಲು ಹಲಗೆ ಹಾಕಿ ಚಕ್ರಗಳನ್ನು ಅದರ ಮೇಲೆ ಹತ್ತಿಸಿ, ಆಮೇಲೆ ಜಾಕ್ ಕೊಡಿ. ಗದಗ, ನವಲಗುಂದ ಕಡೆಯವರಿಗೆ ಒಂದು ಮಾತು: ಎರೆ ಮಣ್ಣಿನ ಮೇಲೆ ಸ್ಟ್ಯಾಂಡ್ ನಿಲ್ಲಿಸಲೇಬೇಡಿ. ಮೇಲೆ ಒಣಗಿದಂತೆ ಕಂಡರೂ ಭಾರ ಬಿದ್ದ ಮೇಲೆ ಒಳಗೆ ಇಳಿಯುತ್ತದೆ. ಕಾಂಕ್ರೀಟ್ ನೆಲ ಬೇಕು. ಬರೀ ಜಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕುವುದಂತೂ ಬೇಡವೇ ಬೇಡ.

ಹಂತ 2: ಎಂಜಿನ್ ಶುರು ಮಾಡುವ ಮೊದಲು

ಕಾರನ್ನು ನ್ಯೂಟ್ರಲ್‌ನಲ್ಲಿ ಕೈಯಿಂದ ಹೊರಗೆ ತಳ್ಳಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ತಳ್ಳಿದರೂ ಕದಲಲಿಲ್ಲವೆಂದರೆ ಹ್ಯಾಂಡ್ ಬ್ರೇಕ್ ಹಿಡಿದಿರಬಹುದು. ಅದು ಬೇರೆ ರೋಗ. ಅದನ್ನು ಮೊದಲು ಬಿಡಿಸಿ, ಕ್ಲಚ್ಚಿನ ತಲೆಗೆ ಕಟ್ಟಬೇಡಿ.

ಬಾನೆಟ್ ತೆಗೆದು ಇಲಿ ಹುಡುಕಿ. ಶೇಂಗಾ ಚೀಲ ಇಟ್ಟ ಮನೆಯ ಶೆಡ್ಡಾದರೆ ಇಲಿ ಬಂದೇ ಬಂದಿರುತ್ತದೆ. ನನ್ನ ಕಾರಿನ ಏರ್ ಫಿಲ್ಟರ್ ಡಬ್ಬಿ ತೆಗೆದಾಗ ಎರಡು ಬೊಗಸೆ ಶೇಂಗಾ ಸಿಪ್ಪೆ, ನಡುವೆ ಕಾರಿನ ಹೊದಿಕೆಯದೇ ಚಿಂದಿಯಿಂದ ಮಾಡಿದ ಬೆಚ್ಚನೆ ಗೂಡು ಸಿಕ್ಕಿತು. ವೈರ್ ಮತ್ತು ರಬ್ಬರ್ ಪೈಪ್‌ಗಳನ್ನು ಬೆರಳಾಡಿಸಿ ನೋಡಿ. ಎಂಜಿನ್ ಆಯಿಲ್, ಕೂಲಂಟ್ ಮಟ್ಟ ನೋಡಿ. ಪೆಟ್ರೋಲ್ ಬಣ್ಣದಂಗಡಿಯ ವಾಸನೆ ಹೊಡೆಯುತ್ತಿದ್ದರೆ ಬಸಿದು ಹೊಸದು ಹಾಕಿ.

ಆಮೇಲೆ ಬ್ರೇಕ್ ಆಯಿಲ್ ಡಬ್ಬಿ. ಬಹಳಷ್ಟು ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಹಾಗಾಗಿ ಕ್ಲಚ್ ಸೋರಿದರೆ ಬ್ರೇಕಿಗೂ ಕುತ್ತು. ಎಂಜಿನ್ ಶುರು ಮಾಡುವ ಮೊದಲೂ, ಶುರು ಮಾಡಿದ ಮೇಲೂ ಬ್ರೇಕ್ ಪೆಡಲ್ ಒತ್ತಿ ನೋಡಿ. ಅದು ಗಟ್ಟಿಯಾಗಿ ನಿಲ್ಲದೆ ಮೆತ್ತಗೆ ಇಳಿಯುತ್ತಿದ್ದರೆ ಕಾರನ್ನು ಓಡಿಸುವ ಯಾವ ಉಪಾಯಕ್ಕೂ ಕೈ ಹಾಕಬೇಡಿ.

ಹಂತ 3: ಪೆಡಲ್ ಏನು ಹೇಳುತ್ತಿದೆ ಕೇಳಿ

ಎಂಜಿನ್ ಬಂದ್ ಇಟ್ಟು ಪೆಡಲನ್ನು ಕೈಯಿಂದ ಒತ್ತಿ. ಕಾಲಿಗಿಂತ ಕೈಗೆ ಚೆನ್ನಾಗಿ ತಿಳಿಯುತ್ತದೆ.

ಪೆಡಲ್ ಬಲವಿಲ್ಲದೆ ಕೆಳಗೆ ಹೋಗಿ ಮೇಲೆ ಬರಲಿಲ್ಲ: ಆಯಿಲ್ ಇಲ್ಲ, ಗಾಳಿ ಸೇರಿದೆ ಅಥವಾ ಕಪ್ ಹೋಗಿದೆ. ಹಂತ 5ಕ್ಕೆ ಹೋಗಿ.

ಐದಾರು ಸಲ ಪಟಪಟ ಒತ್ತಿದರೆ ಗಟ್ಟಿಯಾಗುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಮೆತ್ತಗೆ: ಒಳಗೆ ಗಾಳಿ ಇದೆ.

ಒತ್ತಿ ಹಿಡಿದರೆ ನಿಧಾನವಾಗಿ ಇಳಿಯುತ್ತಲೇ ಇದೆ, ಹೊರಗೆಲ್ಲೂ ಹನಿ ಇಲ್ಲ: ಮಾಸ್ಟರ್ ಸಿಲಿಂಡರ್ ಒಳಗೊಳಗೇ ಬಿಡುತ್ತಿದೆ.

ಕಲ್ಲಿನಂತೆ ಗಟ್ಟಿ, ಒತ್ತಲೇ ಆಗುವುದಿಲ್ಲ: ಕೇಬಲ್, ಫೋರ್ಕ್ ಇಲ್ಲವೇ ಸ್ಲೇವ್ ಪಿಸ್ಟನ್ ತುಕ್ಕು ಹಿಡಿದು ಕೂತಿದೆ. ಮೈ ಬಲ ಹಾಕಿ ತುಳಿಯಬೇಡಿ, ಫೋರ್ಕ್ ಬಾಗುತ್ತದೆ.

ಪೆಡಲ್ ಎಂದಿನಂತೆ ಚೆನ್ನಾಗಿದೆ, ಎಂಜಿನ್ ಬಂದ್ ಇದ್ದಾಗ ಎಲ್ಲ ಗೇರೂ ಬೀಳುತ್ತವೆ, ಶುರು ಮಾಡಿದರೆ ಮಾತ್ರ ಕರ್ರ್ ಅನ್ನುತ್ತದೆ: ಪ್ಲೇಟ್ ಮೇಲೆ ಅನುಮಾನ. ಅನುಮಾನ ಅಷ್ಟೇ, ತೀರ್ಪು ಮುಂದಿನ ಹಂತದಲ್ಲಿ. ಬಂದ್ ಇದ್ದಾಗಲೂ ಗೇರ್ ಬೀಳದಿದ್ದರೆ ಗೇರ್ ಲಿವರ್‌ನ ಜೋಡಣೆ ಅಥವಾ ಗೇರ್ ಬಾಕ್ಸಿನದೇ ತೊಂದರೆ ಇರಬಹುದು.

ಹಂತ 4: ರಾಡ್ ಎಷ್ಟು ಸರಿಯುತ್ತದೆ ಅಳೆಯಿರಿ

ಇಡೀ ಕೆಲಸದಲ್ಲಿ ಇದೇ ಮುಖ್ಯ, ಎಲ್ಲರೂ ಬಿಡುವುದೂ ಇದನ್ನೇ. ಹತ್ತು ನಿಮಿಷ ಸಾಕು.

ಗೇರ್ ಬಾಕ್ಸಿನ ಮೇಲಿರುವ ಸ್ಲೇವ್ ಸಿಲಿಂಡರ್ ಹುಡುಕಿ. ಅದರಿಂದ ಒಂದು ಸಣ್ಣ ರಾಡ್ ಹೊರಬಂದು ಫೋರ್ಕನ್ನು ತಳ್ಳುತ್ತದೆ. ಚಕ್ರಕ್ಕೆ ಒತ್ತು ಕೊಟ್ಟು, ಎಂಜಿನ್ ಬಂದ್ ಇಟ್ಟು, ಕೀಲಿ ನಿಮ್ಮ ಜೇಬಿನಲ್ಲಿ ಹಾಕಿಕೊಳ್ಳಿ. ಸಹಾಯಕ ಪೆಡಲ್ ಪೂರ್ತಿ ಒತ್ತಲಿ. ರಾಡ್ ಎಷ್ಟು ಹೊರಬಂತು ಎಂದು ಸ್ಕೇಲ್ ಹಿಡಿದು ನೋಡಿ. ಬೆರಳು ಮಾತ್ರ ದೂರ ಇರಲಿ.

ಸರಿಯಾದ ಅಳತೆ ಆಯಾ ಕಾರಿನ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ಪುಸ್ತಕ ಇಲ್ಲದಿದ್ದರೆ ಒಂದು ಅಂದಾಜು: ರಾಡ್ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಸರಿದರೆ ಆಯಿಲ್ ಕಡೆಯ ಕೆಲಸ ಬಹುಮಟ್ಟಿಗೆ ಸರಿ ಇದೆ, ಅಂದರೆ ಅನುಮಾನ ಪ್ಲೇಟ್ ಮೇಲೆ. ಎರಡು-ಮೂರು ಮಿ.ಮೀ. ಸರಿದು ನಿಂತರೆ ಅಥವಾ ಕದಲದಿದ್ದರೆ ಪ್ಲೇಟಿನ ಮಾತೇ ಬೇಡ, ತೊಂದರೆ ಇನ್ನೂ ಹೊರಗೇ ಇದೆ.

ಅಲ್ಲೇ ಇರುವಾಗ ಸ್ಲೇವ್‌ನ ತುದಿಯ ರಬ್ಬರ್ ಟೋಪಿಯನ್ನು ಉಗುರಿನಿಂದ ಸ್ವಲ್ಪ ಸರಿಸಿ. ಒಳಗೆ ಒಣಗಿರಬೇಕು. ನನ್ನದರಲ್ಲಿ ಚಹಾ ಡಿಕಾಕ್ಷನ್ ಬಣ್ಣದ ನೀರು ತುಂಬಿಕೊಂಡಿತ್ತು. ಟೋಪಿ ಸರಿಸಿದ ಕೂಡಲೇ ಮೊಣಕೈವರೆಗೆ ಇಳಿಯಿತು. ಗೇರ್ ಬಾಕ್ಸ್ ಇಳಿಸುವ ಮೊದಲು ಯಾರಾದರೂ ಆ ಟೋಪಿ ಸರಿಸಿದ್ದರೆ ಸಾಕಿತ್ತು.

ಕೆಲವು ಕಾರುಗಳಲ್ಲಿ ಹೊರಗೆ ಸ್ಲೇವ್ ಕಾಣುವುದೇ ಇಲ್ಲ. ಅದು ಗೇರ್ ಬಾಕ್ಸಿನ ಶಾಫ್ಟ್ ಸುತ್ತ, ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರುವ ಗಂಟೆಯಾಕಾರದ ಕವಚ) ಒಳಗೆ, ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಒತ್ತುವ ರಿಲೀಸ್ ಬೇರಿಂಗ್ ಜೊತೆ ಒಂದೇ ತುಂಡಾಗಿರುತ್ತದೆ. ಅಲ್ಲಿ ರಾಡ್ ಅಳೆಯಲು ಆಗುವುದಿಲ್ಲ. ಬೆಲ್ ಹೌಸಿಂಗ್ ಕೆಳಗಿನ ತೂತಿನಲ್ಲಿ ಬ್ರೇಕ್ ಆಯಿಲ್ ಹನಿ ಇದೆಯೇ ನೋಡಿ. ಇದ್ದರೆ ಅಂಥ ಕಾರಿಗೆ ಗೇರ್ ಬಾಕ್ಸ್ ಇಳಿಸದೆ ದಾರಿ ಇಲ್ಲ.

ಹಂತ 5: ಹಳೆ ಆಯಿಲ್ ತೆಗೆದು ಏರ್ ಬಿಡುವುದು

ರಾಡ್ ಸರಿಯಾಗಿ ಸರಿಯುತ್ತಿದ್ದರೂ ಇದನ್ನು ಮಾಡಿ. ಎರಡು ವರ್ಷ ದಾಟಿದ ಬ್ರೇಕ್ ಆಯಿಲ್ ಹೇಗೂ ಬದಲಾಗಲೇಬೇಕು.

ಯಾವ ಆಯಿಲ್ ಎಂಬುದು ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಡಾಟ್ 3, ಡಾಟ್ 4, ಡಾಟ್ 5.1 ಇವು ಒಂದೇ ಜಾತಿ. ಡಾಟ್ 5 ಸಿಲಿಕೋನ್‌ನದು, ಅದನ್ನು ಉಳಿದವುಗಳ ಜೊತೆ ಬೆರೆಸಬಾರದು. 5.1 ಮತ್ತು 5 ಹೆಸರಲ್ಲಿ ಅಕ್ಕಪಕ್ಕ ಇದ್ದರೂ ಸಂಬಂಧವೇ ಇಲ್ಲ. ಹುಬ್ಬಳ್ಳಿಯ ಅಂಗಡಿಗಳಲ್ಲಿ ಡಾಟ್ 3, ಡಾಟ್ 4 ಸುಲಭವಾಗಿ ಸಿಗುತ್ತವೆ. ಸಣ್ಣ ಡಬ್ಬಿ ತನ್ನಿ. ಮನೆಯಲ್ಲಿ ಅರ್ಧ ಉಳಿದ, ಹೋದ ವರ್ಷ ಒಡೆದ ಡಬ್ಬಿ ಬೇಡ, ಅದು ಆಗಲೇ ನೀರು ಕುಡಿದಿರುತ್ತದೆ.

ಏರ್ ನಿಪ್ಪಲ್ ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಅದರ ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಬಿಡಿ. ಬೆಳಿಗ್ಗೆ ಸಣ್ಣಗೆ ತಟ್ಟಿ, ರಿಂಗ್ ಪಾನಾದಿಂದ ತಿರುಗಿಸಿ. ಬಾಯಿ ತೆರೆದ ಪಾನಾ ಹಾಕಿದರೆ ಮೂಲೆ ಸವೆಯುತ್ತದೆ. ಆಮೇಲೆ ಇಡೀ ಸಿಲಿಂಡರ್ ಬದಲಿಸುವ ಪಾಡು.

ಈಗ ನಳಿಕೆಯ ಒಂದು ತುದಿ ನಿಪ್ಪಲ್‌ಗೆ, ಇನ್ನೊಂದು ತುದಿ ಬಾಟಲಿಯಲ್ಲಿ ಸ್ವಲ್ಪ ಹೊಸ ಆಯಿಲ್ ಹಾಕಿ ಅದರಲ್ಲಿ ಮುಳುಗುವಂತೆ ಇಡಿ. ಮೇಲಿನ ಡಬ್ಬಿ ತುಂಬಿ. ಆಮೇಲೆ ಇಬ್ಬರ ಮಾತು ಕೂಡಬೇಕು.

"ಒತ್ರೀ."
"ಒತ್ತೇನ್ರೀ."
"ಹಿಡ್ಕೊಳ್ರೀ, ಬಿಡಬ್ಯಾಡ್ರೀ."

ಪೆಡಲ್ ಒತ್ತಿ ಹಿಡಿದಾಗ ನಿಪ್ಪಲ್ ಕಾಲು ಸುತ್ತು ಸಡಿಲಿಸಿ. ಆಯಿಲ್, ಗುಳ್ಳೆ ಹೊರಬರುತ್ತವೆ. ನಿಪ್ಪಲ್ ಬಿಗಿ ಮಾಡಿ. ಆಮೇಲೆಯೇ "ಬಿಡ್ರೀ" ಅನ್ನಬೇಕು. ನಿಪ್ಪಲ್ ತೆರೆದಿರುವಾಗ ಪೆಡಲ್ ಮೇಲೆ ಬಂದರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ, ಮತ್ತೆ ಮೊದಲಿನಿಂದ ಶುರು. ಪೆಡಲ್ ತಾನಾಗಿ ಏಳದಿದ್ದರೆ ಕೈಯಿಂದ ಎತ್ತಿ.

ನಾಲ್ಕೈದು ಸಲಕ್ಕೊಮ್ಮೆ ಮೇಲಿನ ಡಬ್ಬಿ ನೋಡಿ ತುಂಬಿಸುತ್ತಿರಿ. ಕೆಳಗಿನ ಬಾಟಲಿ ನೋಡುತ್ತ ಕೂತು ಮೇಲಿನ ಡಬ್ಬಿ ಖಾಲಿಯಾಗಲು ಬಿಡುವುದು ಬಹಳ ಜನ ಮಾಡುವ ತಪ್ಪು. ಹದಿನೈದು-ಇಪ್ಪತ್ತು ಸಲವಾದ ಮೇಲೆ ತಿಳಿ ಜೇನಿನ ಬಣ್ಣದ ಆಯಿಲ್ ಗುಳ್ಳೆ ಇಲ್ಲದೆ ಬರಬೇಕು. ಕಪ್ಪು ಪುಡಿ ಬರುತ್ತಿದ್ದರೆ ರಬ್ಬರ್ ಕಪ್ ಕರಗುತ್ತಿದೆ ಎಂದು ಲೆಕ್ಕ.

ಬಣ್ಣದ ಮೇಲೆ ಈ ಆಯಿಲ್ ಬಿದ್ದರೆ ಒರೆಸಬೇಡಿ, ಕೂಡಲೇ ನೀರು ಸುರಿಯಿರಿ. ಬಕೆಟ್ ತನ್ನಿ ಅಂದದ್ದು ಅದಕ್ಕೇ.

ಏರ್ ಬಿಟ್ಟ ಮೇಲೂ ಪೆಡಲ್ ಇಳಿಯುತ್ತಿದ್ದರೆ ಸಿಲಿಂಡರ್ ಬಿಚ್ಚಬೇಕು. ಕಿಟ್ (ಹೊಸ ರಬ್ಬರ್ ಕಪ್ ಸೆಟ್) ಹಾಕುವ ಮೊದಲು ಸಿಲಿಂಡರಿನ ಒಳಗೋಡೆಯ ಮೇಲೆ ಕಿರುಬೆರಳು ಆಡಿಸಿ. ಗಾಜಿನಂತೆ ನುಣುಪಾಗಿದ್ದರೆ ಕಿಟ್ ಸಾಕು. ಉಗುರಿಗೆ ಗುಳಿ ತಾಗಿದರೆ ಇಡೀ ಸಿಲಿಂಡರ್ ಬದಲಿಸಿ. ಗುಳಿಬಿದ್ದದ್ದಕ್ಕೆ ಹೊಸ ಕಪ್ ಹಾಕುವುದು ಮುಂದಿನ ತಿಂಗಳಿಗೆ ಇದೇ ಕೆಲಸವನ್ನು ಬಾಕಿ ಇಟ್ಟಂತೆ. ಕಪ್‌ಗಳನ್ನು ಪೆಟ್ರೋಲ್ ಅಥವಾ ಸೀಮೆಎಣ್ಣೆಯಲ್ಲಿ ತೊಳೆಯುವುದನ್ನು ಕಂಡರೆ ಅಲ್ಲೇ ತಡೆಯಿರಿ. ಆ ರಬ್ಬರ್ ಊದಿಕೊಂಡು ಹಾಳಾಗುತ್ತದೆ. ತೊಳೆಯಲು ಬ್ರೇಕ್ ಆಯಿಲೇ ಬೇಕು. ಇದೇ ಕಾರಣಕ್ಕೆ ಡಬ್ಬಿಗೆ ತಪ್ಪಿಯೂ ಎಂಜಿನ್ ಆಯಿಲ್ ಹಾಕಬಾರದು.

ಹಂತ 6: ಕೇಬಲ್ ಕ್ಲಚ್ ಆದರೆ

ಕೇಬಲ್‌ನ ಎರಡೂ ತುದಿ ಬಿಡಿಸಿ ಒಳಗಿನ ತಂತಿ ಎಳೆದು ನೋಡಿ. ಜರ್ರನೆ ಸರಿಯಬೇಕು. ತಡೆದು ತಡೆದು ಬಂದರೆ, ಒಂದು ಎಳೆ ಹರಿದಿದ್ದರೂ, ಹೊಸದು ಹಾಕಿ. ಎಣ್ಣೆ ಬಿಟ್ಟು ಓಡಿಸುವುದು ನಾಲ್ಕು ದಿನದ ಮಾತು. ಹೊಸ ಕೇಬಲ್ ಹಾಕಿದ ಮೇಲೆ ಪೆಡಲ್‌ನ ಆಟವನ್ನು (ಕ್ಲಚ್ ಬಿಡಲು ಶುರುವಾಗುವ ಮೊದಲಿನ ಸಡಿಲು) ಪುಸ್ತಕದ ಅಳತೆಗೆ ಇಡಿ. ಆಟ ಪೂರ್ತಿ ತೆಗೆದುಬಿಟ್ಟರೆ ಪ್ಲೇಟ್ ಜಾರಿ ಸುಡುತ್ತದೆ.

ಹಂತ 7: ಹಿಡಿದ ಪ್ಲೇಟ್ ಬಿಡಿಸುವುದು

ರಾಡ್ ಸರಿಯಾಗಿ ಸರಿಯುತ್ತಿದೆ, ಏರ್ ಇಲ್ಲ, ಆದರೂ ಗೇರ್ ಬೀಳುತ್ತಿಲ್ಲ. ಈಗ ಮಾತ್ರ ಪ್ಲೇಟ್ ಹಿಡಿದಿದೆ ಅನ್ನಬಹುದು. ಮೆತ್ತನೆ ಉಪಾಯದಿಂದ ಶುರು ಮಾಡಿ, ಒರಟು ಉಪಾಯ ಕೊನೆಗೆ.

ಮೊದಲಿಗೆ ಕಾವು ಮತ್ತು ಕಟ್ಟಿಗೆ. ಬಯಲಲ್ಲಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಹದಿನೈದು-ಇಪ್ಪತ್ತು ನಿಮಿಷ ಓಡಿಸಿ. ಆ ಕಾವು ಬೆಲ್ ಹೌಸಿಂಗ್‌ಗೂ ಹತ್ತುತ್ತದೆ, ಒಳಗಿನ ತೇವ ಒಣಗುತ್ತದೆ. ಬಂದ್ ಮಾಡಿ ಪೆಡಲ್ ಪೂರ್ತಿ ಒತ್ತಿ, ಪೆಡಲ್ ಮತ್ತು ಸೀಟಿನ ಚೌಕಟ್ಟಿನ ನಡುವೆ ಸರಿಯಾದ ಉದ್ದದ ಕಟ್ಟಿಗೆ ಕೊಟ್ಟು ರಾತ್ರಿಯಿಡೀ ಬಿಡಿ. ಸೀಟಿನ ಕಡೆ ಬಟ್ಟೆ ಸುತ್ತಿ, ಚರ್ಮ ಹರಿಯದಿರಲಿ. ಬೆಳಿಗ್ಗೆ ಕಟ್ಟಿಗೆ ಸಡಿಲಾಗಿ ಕೆಳಗೆ ಬಿದ್ದಿದ್ದರೆ ಮಾಸ್ಟರ್ ಸಿಲಿಂಡರ್ ಮೇಲೆ ಕಣ್ಣಿಡಿ. ಪುಕ್ಕಟೆ ಪರೀಕ್ಷೆ ಆಯಿತು! ಇದನ್ನು ಎರಡು-ಮೂರು ರಾತ್ರಿ ಮಾಡಿ. ನಮ್ಮಲ್ಲಿ ಬಹಳ ಜನಕ್ಕೆ ಇಷ್ಟು ತಾಳ್ಮೆ ಇರುವುದಿಲ್ಲ. ಪೂಜೆ ನಾಳೆ ಅಂದಾಗ ಫೋನ್ ಮಾಡಿದರೆ ನಾನಾದರೂ ಏನು ಮಾಡಲಿ.

ಎರಡನೆಯದು ಅಲುಗಾಡಿಸುವುದು. ಕೀಲಿ ತೆಗೆದು, ಕಟ್ಟಿಗೆ ಹಾಗೇ ಇಟ್ಟು, ಟಾಪ್ ಗೇರ್ ಹಾಕಿ. ಸಮತಟ್ಟಾದ ಜಾಗದಲ್ಲಿ ಇಬ್ಬರು ಸೇರಿ ಕಾರನ್ನು ಹಿಂದೆ ಮುಂದೆ ಜಗ್ಗಿ. ಟಾಪ್ ಗೇರಿನಲ್ಲಿ ಚಕ್ರದ ಬಲ ಪ್ಲೇಟಿಗೆ ಹೆಚ್ಚು ಮುಟ್ಟುತ್ತದೆ. ಸಣ್ಣಗೆ ಟಕ್ ಎಂಬ ಸದ್ದು ಬಂದು ಕಾರು ಹಗುರಾಗಿ ಉರುಳಿತು ಎಂದರೆ ಬಿಟ್ಟಿತು.

ಕೊನೆಯದು ಓಡಿಸಿ ಬಿಡಿಸುವುದು. ಇದು ಅಪಾಯದ ಕೆಲಸ. ಬ್ರೇಕ್ ಪೂರ್ತಿ ಸರಿ ಇರಬೇಕು. ಸ್ವಂತದ, ಒಣಗಿದ, ಉದ್ದನೆಯ ಬಯಲು ಜಾಗ ಬೇಕು. ಬೈಪಾಸು, ಬಡಾವಣೆಯ ರಸ್ತೆ, ಮಕ್ಕಳು ಕ್ರಿಕೆಟ್ ಆಡುವ ಮೈದಾನ ಯಾವುದೂ ಬೇಡ. ಕಾರಿನ ಮುಂದೆ ಹಿಂದೆ ಯಾರೂ ನಿಲ್ಲಬಾರದು. ಎಂಜಿನ್ ಕಾವೇರಿಸಿ ಬಂದ್ ಮಾಡಿ. ಸೀಟ್ ಬೆಲ್ಟ್ ಹಾಕಿ. ಮೊದಲ ಗೇರ್ ಹಾಕಿ, ಕ್ಲಚ್ ಪೂರ್ತಿ ಒತ್ತಿ, ಸ್ಟಾರ್ಟರ್ ಕೊಡಿ. ಪ್ಲೇಟ್ ಹಿಡಿದಿದ್ದರೆ ಕಾರು ಜಿಗಿದು ಹೊರಡುತ್ತದೆ. ಐದು ಸೆಕೆಂಡಿನಲ್ಲಿ ಶುರುವಾಗದಿದ್ದರೆ ಬಿಡಿ, ಸ್ಟಾರ್ಟರ್ ತಣ್ಣಗಾಗಲಿ.

ಹೊರಟ ಮೇಲೆ ಕ್ಲಚ್ ಒತ್ತಿಕೊಂಡೇ, ಹದಿನೈದು-ಇಪ್ಪತ್ತು ಕಿ.ಮೀ. ವೇಗದಲ್ಲಿ, ಎಕ್ಸಿಲರೇಟರ್ ಕೊಡುವುದು ಬಿಡುವುದು, ಕೊಡುವುದು ಬಿಡುವುದು ಮಾಡಿ. ಆಗಾಗ ಬ್ರೇಕ್ ಒತ್ತಿ. ಎಂಜಿನ್ ನಿಮಿಷಕ್ಕೆ 3,000 ಸುತ್ತು ದಾಟದಿರಲಿ. ಪ್ಲೇಟ್ ಬಿಟ್ಟ ಗಳಿಗೆ ಎಂಜಿನ್ ಒಮ್ಮೆಲೆ ಕೂಗುತ್ತದೆ, ಕಾರು ತನ್ನ ಪಾಡಿಗೆ ಉರುಳುತ್ತದೆ. ಎಕ್ಸಿಲರೇಟರ್ ಮೇಲಿನ ಕಾಲು ಕೂಡಲೇ ತೆಗೆಯಿರಿ.

ನಿಲ್ಲಿಸುವುದು ಹೇಗೆಂದು ಹೊರಡುವ ಮೊದಲೇ ತಿಳಿದಿರಬೇಕು. ಎಕ್ಸಿಲರೇಟರ್ ಬಿಟ್ಟು ಗೇರನ್ನು ನ್ಯೂಟ್ರಲ್‌ಗೆ ಎಳೆಯಿರಿ, ಬ್ರೇಕ್ ಒತ್ತಿ. ಬರದಿದ್ದರೆ ಬ್ರೇಕ್ ಒತ್ತಿಯೇ ಕೀಲಿ ಬಂದ್ ಮಾಡಿ. ಆದರೆ ಸ್ಟಿಯರಿಂಗ್ ಲಾಕ್ ಆಗುವಷ್ಟು ಹಿಂದಕ್ಕೆ ತಿರುಗಿಸಬೇಡಿ. ಎಂಜಿನ್ ನಿಂತ ಮೇಲೆ ಬ್ರೇಕ್ ಪೆಡಲ್ ಬಿರುಸಾಗುತ್ತದೆ, ಜೋರಾಗಿ ಒತ್ತಬೇಕು. ಹತ್ತು ನಿಮಿಷ ಮಾಡಿದರೂ ಬಿಡದಿದ್ದರೆ ನಿಲ್ಲಿಸಿ. ಇದಕ್ಕಿಂತ ಹೆಚ್ಚು ಜಗ್ಗಿದರೆ ಪ್ಲೇಟಿನ ಲೈನಿಂಗ್ ಕಿತ್ತು ಫ್ಲೈವೀಲ್‌ನಲ್ಲೇ ಉಳಿಯಬಹುದು.

ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಇಟ್ಟು, ಗೇರಿನಲ್ಲಿ ಓಡಿಸಿ ಗಕ್ಕನೆ ಬ್ರೇಕ್ ಹಾಕುವವರೂ ಇದ್ದಾರೆ. ನಾನು ಮಾಡುವುದಿಲ್ಲ, ಮಾಡಿ ಎಂದೂ ಹೇಳುವುದಿಲ್ಲ. ಆ ಜರ್ಕಿಗೆ ಕಾರು ಸ್ಟ್ಯಾಂಡಿನಿಂದ ಜಿಗಿದರೆ ಹಿಡಿಯುವವರು ಯಾರು? ಟ್ರ್ಯಾಕ್ಟರ್ ಎಳೆತವೂ ಅಷ್ಟೇ. ಸ್ಪೋರ್ಟ್ಸ್ ಕಾರಿನ ಬಂಪರ್ ಹಗ್ಗಕ್ಕೆ ಹುಟ್ಟಿದ್ದಲ್ಲ.

ಇನ್ನು ಆ ಎಣ್ಣೆ ಸ್ಪ್ರೇ ವಿಷಯ. ಬೆಲ್ ಹೌಸಿಂಗ್ ತೂತಿನಲ್ಲಿ ಡಬ್ಲ್ಯುಡಿ-40 ಆಗಲಿ, ಡೀಸೆಲ್ ಆಗಲಿ ಹೊಡೆಯಬೇಡಿ. ಪ್ಲೇಟಿನ ಲೈನಿಂಗ್ ಅದನ್ನು ಹೀರಿಕೊಳ್ಳುತ್ತದೆ. ಅಂಟು ಬಿಡಬಹುದು, ಆದರೆ ಆಮೇಲೆ ಜಾರುವ ಪ್ಲೇಟ್ ಕೈಗೆ ಬರುತ್ತದೆ. ಗೇರ್ ಬಾಕ್ಸ್ ಇಳಿಸುವುದು ತಪ್ಪಲಿಲ್ಲ.

ಹಂತ 8: ಬಿಟ್ಟ ಮೇಲೆ ಪರೀಕ್ಷೆ

ಎಂಜಿನ್ ಓಡುತ್ತಿರಲಿ. ಕ್ಲಚ್ ಒತ್ತಿ ಐದು ಸೆಕೆಂಡ್ ಕಾದು ರಿವರ್ಸ್ ಹಾಕಿ. ಮುಂದಿನ ಗೇರ್‌ಗಳು ಸಣ್ಣಪುಟ್ಟ ತೊಂದರೆ ಮುಚ್ಚಿಕೊಳ್ಳುತ್ತವೆ, ರಿವರ್ಸ್ ಮುಚ್ಚಿಡುವುದಿಲ್ಲ. ಸದ್ದಿಲ್ಲದೆ ಬಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿದೆ. ಇನ್ನೂ ಕರ್ರ್ ಅಂದರೆ ಪ್ಲೇಟ್ ಶಾಫ್ಟಿನ ಹಲ್ಲುಗಳ ಮೇಲೆ ತುಕ್ಕಿಗೆ ಸಿಕ್ಕಿಕೊಂಡಿರಬಹುದು, ಅಥವಾ ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗ್ ಹಿಡಿದಿರಬಹುದು.

ಸಮತಟ್ಟು ಜಾಗದಲ್ಲಿ ಐದಾರು ಸಲ ಮೆತ್ತಗೆ ಹೊರಟು ನಿಲ್ಲಿಸಿ. ಮೊದಲು ಸ್ವಲ್ಪ ನಡುಗುವುದು ಸಹಜ, ಮುಖದ ಮೇಲಿನ ತುಕ್ಕು ಉಜ್ಜಿ ಹೋಗುತ್ತಿದೆ. ಬೇಕಂತಲೇ ಕ್ಲಚ್ ಸುಡಿಸಬೇಡಿ. ಒಂದು ದಿನ ಓಡಿಸಿದ ಮೇಲೂ ನಡುಕ ಹಾಗೇ ಇದ್ದರೆ ಮುಖ ಕೆಟ್ಟಿದೆ.

ಆಮೇಲೆ ಖಾಲಿ ಏರು ರಸ್ತೆ. ಧಾರವಾಡದಲ್ಲಿ ಏರಿಗೇನು ಬರ? ನಾಲ್ಕನೇ ಗೇರಿನಲ್ಲಿ 40 ಕಿ.ಮೀ. ವೇಗದಲ್ಲಿ ಹೋಗುತ್ತ ಎಕ್ಸಿಲರೇಟರ್ ಪೂರ್ತಿ ಕೊಡಿ. ಎಂಜಿನ್ ಸುತ್ತು ಏರಿ, ವೇಗ ಏರದಿದ್ದರೆ ಪ್ಲೇಟ್ ಜಾರುತ್ತಿದೆ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ಪಕ್ಕದ ಟ್ರಾಫಿಕ್ಕಿನಲ್ಲಿ ಈ ಪರೀಕ್ಷೆ ಬೇಡ.

ಸದ್ದನ್ನೂ ಗಮನಿಸಿ. ಪೆಡಲ್ ಒತ್ತಿದಾಗ ಗರಗರ ಶುರುವಾದರೆ ರಿಲೀಸ್ ಬೇರಿಂಗ್. ನ್ಯೂಟ್ರಲ್‌ನಲ್ಲಿ ಸದ್ದಿದ್ದು, ಪೆಡಲ್ ಒತ್ತಿದಾಗ ನಿಂತರೆ ಗೇರ್ ಬಾಕ್ಸಿನ ಮುಂದಿನ ಬೇರಿಂಗ್.

ಹಂತ 9: ಗೇರ್ ಬಾಕ್ಸ್ ಇಳಿಸಲೇಬೇಕಾದರೆ

ಇದು ಅಂಗಳದ ಕೆಲಸ ಅಲ್ಲ, ಲಿಫ್ಟ್ ಇರುವ ಗ್ಯಾರೇಜಿಗೆ ಕೊಡಿ. ಆದರೆ ಬಿಚ್ಚುವಾಗ ಹತ್ತಿರ ನಿಂತು ಇಷ್ಟು ನೋಡಿ.

ಗೇರ್ ಬಾಕ್ಸಿನ ಭಾರ ಒಂದು ಕ್ಷಣವೂ ಅದರ ಶಾಫ್ಟಿನ ಮೇಲೆ ನೇತಾಡಬಾರದು, ಪ್ಲೇಟಿನ ನಡು ಬಾಗುತ್ತದೆ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಲಿ. ಪ್ರೆಷರ್ ಪ್ಲೇಟಿನ ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಬಿಗಿ ಮಾಡುವಾಗಲೂ ಹಾಗೇ, ಟಾರ್ಕ್ ಪಾನಾ ಹಿಡಿದು.

ಫ್ಲೈವೀಲ್ ಮುಖದಲ್ಲಿ ಬರೀ ಕೆಂಪು ತುಕ್ಕಿದ್ದರೆ ಎಮರಿ ಕಾಗದ ಸಾಕು. ನೀಲಿ ಕಲೆ, ಕೂದಲೆಳೆ ಬಿರುಕು, ಉಗುರು ಸಿಕ್ಕುವ ಗೆರೆ ಇದ್ದರೆ ಲೇತಿನವರಿಗೆ ತೋರಿಸಿ. ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ. ಬೇರಿಂಗ್ ಒಂದರಲ್ಲಿ ಉಳಿಸಲು ಹೋದರೆ ಮತ್ತೆ ಇದೇ ಕೂಲಿ ಕೊಡಬೇಕಾಗುತ್ತದೆ. ಎಂಜಿನ್ ಹಿಂದಿನ ಆಯಿಲ್ ಸೀಲ್ ಒದ್ದೆ ಇದ್ದರೆ ಅದೂ ಈಗಲೇ ಆಗಲಿ.

ಹೊಸ ಪ್ಲೇಟಿನ ಮೇಲೆ ಫ್ಲೈವೀಲ್ ಕಡೆ ಯಾವುದು ಎಂಬ ಗುರುತು ಇರುತ್ತದೆ, ತಿರುಗಾಮುರುಗಾ ಹಾಕಿದರೆ ಕ್ಲಚ್ ಬಿಡುವುದೇ ಇಲ್ಲ. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ತೆಳ್ಳಗೆ ಸವರಿ, ಹೆಚ್ಚಿನದನ್ನು ಒರೆಸಬೇಕು. ರೊಟ್ಟಿಗೆ ಬೆಣ್ಣೆ ಹಚ್ಚಿದಂತೆ ಹಚ್ಚಿದರೆ ಅದು ತಿರುಗುವಾಗ ಸಿಡಿದು ಪ್ಲೇಟಿಗೇ ಬೀಳುತ್ತದೆ.

ಹಂತ 10: ಮತ್ತೆ ನಿಲ್ಲಿಸುವಾಗ

ಹದಿನೈದು ದಿನಕ್ಕೊಮ್ಮೆ ಎಂಜಿನ್ ಕಾವೇರುವಷ್ಟು ಓಡಿಸಿ, ಹತ್ತು-ಹನ್ನೆರಡು ಸಲ ಗೇರ್ ಬದಲಿಸಿ. ನಿಂತಲ್ಲೇ ಎರಡು ನಿಮಿಷ ಎಂಜಿನ್ ಕೂಗಿಸಿ ಬಂದ್ ಮಾಡುವುದರಿಂದ ಕ್ಲಚ್ಚಿಗೆ ಏನೂ ಉಪಯೋಗ ಇಲ್ಲ. ತೊಳೆದ ದಿನವೇ ಹೊದಿಸಿ ಇಡಬೇಡಿ, ಒಂದು ಸುತ್ತು ಹೋಗಿ ಒಣಗಿಸಿ ತನ್ನಿ. ಮಣ್ಣು ನೆಲವಾದರೆ ಕೆಳಗೆ ದಪ್ಪ ಪ್ಲಾಸ್ಟಿಕ್ ತಾಡಪತ್ರಿ ಹಾಸಿ. ಹ್ಯಾಂಡ್ ಬ್ರೇಕ್ ಎಳೆಯದೆ ಚಕ್ರಕ್ಕೆ ಮರದ ತುಂಡು ಕೊಡಿ.

ತಿಂಗಳುಗಟ್ಟಲೆ ಊರಲ್ಲಿ ಇರುವುದಿಲ್ಲ, ಕಾರು ಓಡಿಸುವವರು ಯಾರೂ ಇಲ್ಲ ಎಂದರೆ, ಮನೆಯವರಿಗೆ ವಾರಕ್ಕೊಮ್ಮೆ ಪೆಡಲನ್ನು ಇಪ್ಪತ್ತು ಸಲ ಒತ್ತಲು ಹೇಳಿ. ಕೀಲಿಯೂ ಬೇಡ, ಲೈಸೆನ್ಸೂ ಬೇಡ. ನಮ್ಮ ಮನೆಯಲ್ಲಿ ಈ ಕೆಲಸ ಅವ್ವನದು. ಶನಿವಾರ ಶೆಡ್ಡಿಗೆ ಶೇಂಗಾ ತೆಗೆಯಲು ಹೋದಾಗ ಸೀಟಿನಲ್ಲಿ ಕೂತು ಎಣಿಸಿ ಒತ್ತಿ ಬರುತ್ತಾಳೆ.